ಅಪ್ಪನ ದನಿಯಿದ್ದ ಕ್ಯಾಸೆಟ್

ಆಗಸ್ಟ್ 12, ಸೋಮವಾರ
ಚಳಿಗಾಲಕ್ಕೆಂದು ಬೇಯಿಸಿ ತುಂಬಿಟ್ಟ ಬೀನ್ಸ್ ಹದಿನಾಲ್ಕು ಸೀಸೆ ಆಯಿತು. ಎರಡರ ಮುಚ್ಚಳ ಸರಿಯಾಗಿ ಕೂರಲಿಲ್ಲ. ಅಮ್ಮ ನಾರು ತೆಗೆದುಕೊಟ್ಟಳು. ನನ್ನನ್ನು ಮೂರು ಸಲ ಚಿಕ್ಕಮ್ಮನ ಹೆಸರಿನಿಂದ ಕರೆದಳು.

25ಕ್ಕೆ ಚರ್ಚಿನಲ್ಲಿ ಅಪ್ಪನ ನೆನಪಿನ ಕೂಟ. ಗಣಿಯ ಧೂಳು ಅವನ ಎದೆ ತಿಂದು ಇಪ್ಪತ್ತೈದು ವರ್ಷ. ಅವನು ಹಾಡುತ್ತಿದ್ದ ಹಾಡನ್ನು ನನ್ನಣ್ಣ ಹೋಬರ್ಟ್ ಹೇಳಿಕೊಡಬೇಕು. ನಮ್ಮ ಚರ್ಚಿನ ಹಾಡಿನ ಪುಸ್ತಕದಲ್ಲಿ ಬರೀ ಮಾತು, ರಾಗ ಇಲ್ಲ. ಒಬ್ಬರು ಸಾಲು ಹೇಳಬೇಕು, ಮಿಕ್ಕವರು ಎಳೆದು ಹಾಡಬೇಕು. ಅಣ್ಣನಿಗೆ ರಾಗ ಅರ್ಧ ಮರೆತಿದೆ. ನನಗೂ... ಅಪ್ಪ ಹಾಡಿದ್ದ ಕ್ಯಾಸೆಟ್ ಹುಡುಕಬೇಕು.

ಆಗಸ್ಟ್ 14
ಸಿಕ್ಕಿತು! ಹೊಲಿಗೆ ಡಬ್ಬಿಯಲ್ಲಿ. ಅಣ್ಣ ಬಂದ. ಅಡುಗೆಮನೆಯ ಹಳೇ ಪ್ಲೇಯರಿಗೆ ಹಾಕಿದೆ. ಅಪ್ಪನ ದನಿ — ತುಂಬು ದನಿ, ಗಂಭೀರ. ಅತ್ತುಬಿಟ್ಟೆ.

ಅಮ್ಮ ಚಾಕು ಕೆಳಗಿಟ್ಟಳು. "ಯಾರೇ ಇವ್ನು?"

"ಅಪ್ಪ ಕಣಮ್ಮ."

"ನಿಮ್ಮಪ್ಪನಾ? ಹೋಗೇ! ಹೋರಿ ಬಾವಿಗೆ ಬಿದ್ದು ಕೂಗ್ದಂಗಿದೆ."

ಅಣ್ಣ ನನ್ನನ್ನು ಜಗಲಿಗೆ ಕರೆದ. "ಕಟ್ಕೊಂಡ ಗಂಡನ್ನೇ ಮರೆತ್ಲಲ್ಲ, ಓರ್ಲೀನಾ. ಕೂಟಕ್ಕೆ ಕರ್ಕೊಂಡ್ ಬರ್ಬೇಡ. ಎಲ್ಲರೆದುರು ಹಿಂಗೇ ಅಂದ್ರೆ?"

ಕರ್ತನೇ, ಕರುಣೆಯಿಡು. ಕ್ಯಾಸೆಟ್ಟಿನ ಹಾಡನ್ನು ಅಣ್ಣ ಫೋನಿನಲ್ಲಿ ತುಂಬಿಕೊಂಡು ಹೋದ.

ಆಗಸ್ಟ್ 18, ಭಾನುವಾರ
ಆರಾಧನೆಯಲ್ಲಿ ಎದ್ದು ನಿಂತು ಕೇಳಿಕೊಂಡೆ: ಅಮ್ಮ ಅಪ್ಪನ ದನಿಯನ್ನೂ ಮರೆತಿದ್ದಾಳೆ, ಅವಳಿಗಾಗಿ ಪ್ರಾರ್ಥಿಸಿ. ಹೆಂಗಸರೆಲ್ಲ ಬಂದು ಕೈ ಹಿಡಿದರು. ಕೂಟದ ದಿನ ಅಮ್ಮನ ಜೊತೆ ಮನೆಯಲ್ಲಿರಲು ಪಕ್ಕದ ಮನೆಯವಳು ಒಪ್ಪಿದ್ದಾಳೆ.

ಮನೆಗೆ ಬಂದರೆ ಅಮ್ಮ, "ಕೂಟಕ್ಕೆ ನನ್ನ ನೀಲಿ ಗೌನು ಒಗ್ದಿದೀಯೇನೇ?"

"ಒಗೀತೀನಮ್ಮ" ಎಂದೆ. ಸುಳ್ಳು. ಅದೂ ಭಾನುವಾರ, ದೇವರ ದಿನ.

ಆಗಸ್ಟ್ 24, ಶನಿವಾರ, ಮಧ್ಯಾಹ್ನ 3
ಅಪ್ಪನ ಸಮಾಧಿಗೆ ಹೂವಿಡಲು ಅಮ್ಮನನ್ನು ಪಿಕಪ್ಪಿನಲ್ಲಿ ಗುಡ್ಡಕ್ಕೆ ಕರೆದೊಯ್ದೆ. ಗಾಡಿಯ ಸ್ಟೀರಿಯೋಗೆ ಆ ಕ್ಯಾಸೆಟ್ ಹಾಕಿದೆ. ಸಣ್ಣ ದನಿ, ಎತ್ತರದ ದನಿ. ಟೇಪು ಕೆಟ್ಟಿತೆಂದು ತೆಗೆಯಲು ಹೋದೆ. ಅಮ್ಮ ಕೈ ಹಿಡಿದಳು.

"ಬಿಡೇ. ನಿಮ್ಮಪ್ಪ ಹಾಡ್ತಿದಾನೆ."

ಅನುಮಾನಕ್ಕೆ ನಮ್ಮ ಬೋಧಕರ ಹಳೇ ಕ್ಯಾಸೆಟ್ ಗಾಡಿಯಲ್ಲೂ ಮನೆಯ ಪ್ಲೇಯರಿನಲ್ಲೂ ಹಾಕಿ ನೋಡಿದೆ. ಗಾಡಿಯಲ್ಲಿ ಅವರದೇ ದನಿ. ಅಡುಗೆಮನೆಯಲ್ಲಿ ಯಾರೋ ರಾಕ್ಷಸ. ಪ್ಲೇಯರಿನ ಬೆಲ್ಟು ಸಡಿಲ, ಟೇಪು ನಿಧಾನ ಓಡಿ ದನಿ ದಪ್ಪವಾಗುತ್ತದೆ.

ಅಣ್ಣನಿಗೆ ಫೋನ್ ಮಾಡಿದೆ.

"ಹತ್ತು ದಿನದಿಂದ ಆ ಹೋರಿ ದನೀಲೇ ಕಲ್ತಿದೀನಲ್ಲೇ!"

"ಬಾ. ಅಮ್ಮನ ಹತ್ರ ಕೂತು ಕಲಿ. ಅವಳು ಕೂಟಕ್ಕೆ ಬರ್ತಾಳೆ."

"ಬರ್ತೀನಿ" ಎಂದ.

ಆಗಸ್ಟ್ 25, ಭಾನುವಾರ, ಬೆಳಗ್ಗೆ 8
ಅಮ್ಮ ಆಗಲೇ ಗಾಡಿಯಲ್ಲಿ ಕೂತು ಹಾರ್ನ್ ಒತ್ತುತ್ತಿದ್ದಾಳೆ. ಇವತ್ತೂ ಎದ್ದು ನಿಲ್ಲಬೇಕು. ಏನು ಹೇಳಬೇಕೆಂದು ಬರೆದುಕೊಳ್ಳುತ್ತಿದ್ದೇನೆ, ಬಾಯಿ ತಪ್ಪದಿರಲಿ ಎಂದು. ಅಮ್ಮನಿಗಾಗಿ ಪ್ರಾರ್ಥಿಸಿದಿರಿ, ಸ್ತೋತ್ರ. ಆದರೆ ಅವಳು ಮರೆತಿರಲಿಲ್ಲ. ಯಾರದೋ ದನಿ ಕೇಳಿ ಅಪ್ಪನೆಂದು ಅತ್ತವಳು ನಾನು. ಪ್ರಾರ್ಥನೆ ಬೇಕಾಗಿದ್ದದ್ದು —