ಮಾತು ಕೇಳದ ಮಧುಕೇಶ್ವರನ ಹೆಸರು

ಮಾನ್ಯ ಸ್ಮಾರಕ ಸಮಿತಿಯ ಅಧ್ಯಕ್ಷರೇ,

ಮೊದಲು ಕುರ್ಚಿಯಲ್ಲಿ ನೆಟ್ಟಗೆ ಕೂತು ಇದನ್ನು ಕೊನೆಯತನಕ ಓದಿ. ಅರ್ಧ ಓದಿ, ಮುದುಕಿಗೆ ಅರಳುಮರಳು ಎಂದು ಪೇಪರು ಮಡಚಿಡುವ ಚಾಳಿ ಬೇಡ. ಕಾರ್ಗಿಲ್ಲಿನಲ್ಲಿ ಸತ್ತ ನನ್ನ ಮೊಮ್ಮಗ ಮಧುಕೇಶ್ವರನ ಹೆಸರನ್ನು ನಿಮ್ಮ ಸ್ಮಾರಕದ ಕಲ್ಲಿನಲ್ಲಿ ಯಾಕೆ ಕೆತ್ತಿಸಲಿಲ್ಲ?

ಉದ್ಘಾಟನೆಯ ದಿನ ಬನವಾಸಿ ಕಡೆಯ ಬಸ್ಸಿಗೆ ಎಣ್ಣೆ ಗಿಂಡಿ, ದಾಸವಾಳ ಹಿಡಿದು ಬಂದೆ. ನಮ್ಮೂರ ಕೆರೆ ಏರಿಯ ವೀರಗಲ್ಲಿಗೆ ನಾವು ಮಾಡುವುದೇ ಹಾಗೆ. ಭಾಷಣ ಮುಗಿಯುವ ಮೊದಲೇ ನಿಮ್ಮ ಕಲ್ಲಿಗೂ ಎಣ್ಣೆ ಹಚ್ಚಿ, ಆಮೇಲೆ ಬೆರಳಿಟ್ಟು ಅಕ್ಷರ ಕೂಡಿಸಿದೆ. ಎರಡನೇ ಇಯತ್ತೆ ಕಲಿತವಳಿಗೆ ಹೊತ್ತು ಹಿಡಿಯುತ್ತದೆ. ಕೆಳಗಿನ ಸಾಲಿನತನಕ ಹೋದೆ, ಮತ್ತೆ ಮೇಲಿನಿಂದ ಬಂದೆ. ನೀವು ಮೈಕು ಬಿಟ್ಟು ಬಂದು ಹೇಳಿದಿರಿ: “ಅಜ್ಜಿ, ಕಲ್ಲು ಹೊಲಸ ಮಾಡಬ್ಯಾಡ್ರಿ. ಮ್ಯಾಲಿನವರ ಮಾತು ಮೀರಿ ಸತ್ತವನ ಹೆಸರು ಇದರಾಗ ಬರಂಗಿಲ್ಲ.”

ಮೀರಿದ್ದು ಹೌದು. ಗುಡ್ಡ ಇಳಿಯಿರಿ ಎಂದು ಆಜ್ಞೆಯಾದರೂ, ಗುಂಡು ತಗುಲಿ ಬಿದ್ದ ಗೆಳೆಯನಿಗಾಗಿ ವಾಪಸು ಹತ್ತಿದ. ಅವನನ್ನು ಹೊತ್ತು ತಂದ ಮೇಲೆ, ದಾರಿಯಲ್ಲಿ ತಗುಲಿದ ಗುಂಡಿಗೆ ತಾನು ಸತ್ತ. ಆ ಗೆಳೆಯ ಊರುಗೋಲು ಊರಿಕೊಂಡು ನಮ್ಮ ಮನೆಗೆ ಬಂದಿದ್ದ. ಬಡಿಸಿದ ರೊಟ್ಟಿ ಮುರಿಯಲಾರದೆ ಅತ್ತ. ನಿನ್ನನ್ನು ಹೊತ್ತದ್ದು ತಪ್ಪು ಎಂದು ಅವನಿಗೆ ಹೇಳುತ್ತೀರಾ? ನನ್ನ ಹುಡುಗ ಹುಟ್ಟಾ ಹಾಗೆಯೇ. ಹೊಳೆಗಿಳಿಯಬೇಡ ಎಂದರೆ ತಲೆ ತೊಯ್ಸಿಕೊಂಡು ಬಂದು, “ಹೂಂ ಅಂದಿದ್ನಬೇ, ಕೇಳ್ತೀನಿ ಅಂದಿದ್ದಿಲ್ಲ” ಎಂದು ನಗುತ್ತಿದ್ದ.

ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವ ಮೊಮ್ಮಗಳು ಪ್ರತಿಭಾ ಒಂದು ಸಂಗತಿ ಹೇಳಿದಳು. ನೆಪೋಲಿಯನ್ನನ ದಂಡಿನಲ್ಲಿ ವಾಂಡಾಮ್ ಎಂಬ ಸರದಾರನಿದ್ದನಂತೆ. ಯುದ್ಧದಲ್ಲಿ ಹುಲಿ, ಯಾರ ಮಾತೂ ಕೇಳುವವನಲ್ಲ. ನಿನ್ನಂಥವರು ಇಬ್ಬರಿದ್ದರೆ ಒಬ್ಬನ ಕೈಯಿಂದ ಇನ್ನೊಬ್ಬನನ್ನು ನೇಣಿಗೆ ಹಾಕಿಸುತ್ತಿದ್ದೆ ಎಂದು ಆ ಚಕ್ರವರ್ತಿಯೇ ಅಂದನಂತೆ. ಲೂಟಿಕೋರ ಬೇರೆ. ನನ್ನ ಮೊಮ್ಮಗ ಪಕ್ಕದ ಹಿತ್ತಲಿನ ಸೌತೆಕಾಯಿ ಬಿಟ್ಟರೆ ಏನನ್ನೂ ಕದ್ದವನಲ್ಲ. ಆದರೂ ಪ್ಯಾರಿಸ್ಸಿನ ದೊಡ್ಡ ಕಮಾನಿನ ಮೇಲೆ ಆ ಸರದಾರನ ಹೆಸರಿದೆ. ಫ್ರಾನ್ಸಿನವರಿಗಿಂತ ನೀವು ಶಿಸ್ತಿನವರೋ? ನಮ್ಮ ವೀರಗಲ್ಲಿನವನು ದೊರೆಯ ಅಪ್ಪಣೆ ಪಡೆದು ಕತ್ತಿ ಹಿರಿದನೇ ಎಂದು ಎಣ್ಣೆ ಹಚ್ಚುವ ಯಾರೂ ಇದುವರೆಗೆ ಕೇಳಿಲ್ಲ.

ಅವನ ಹೆಸರು ಕೆತ್ತಿಸಿ. ಬೇಕಾದರೆ ಅದರ ಕೆಳಗೆ ‘ಮಾತು ಕೇಳದವನು’ ಎಂದೂ ಕೆತ್ತಿಸಿ. ಅದು ನಿಜವೇ, ನಾನು ತಕರಾರು ಮಾಡುವುದಿಲ್ಲ. ಓದಲು ಕಣ್ಣು ಇನ್ನೂ ಇವೆ, ಎಷ್ಟು ದಿನವೋ ತಿಳಿಯದು. ಮುಂದಿನ ತಿಂಗಳು ಹುಟ್ಟುವುದರೊಳಗೆ ಉತ್ತರ ಬರೆಯಿರಿ.

ಇಂತಿ,
ಹೋಗಬೇಡ ಎನ್ನುತ್ತಲೇ ಅವನಿಗೆ ಬುತ್ತಿ ಕಟ್ಟಿಕೊಟ್ಟ ಅಜ್ಜಿ,
ವೆಂಕಮ್ಮ