ನಮ್ಮ ಮನೆಯ ರೇಡಿಯೊ

ಅಮ್ಮಾ,

ನೀನು ಓದಲಾರೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ನೀನು ತೀರಿಕೊಂಡ ಮೇಲೂ ನಿನಗೆ ವರದಿ ಒಪ್ಪಿಸುವ ಚಾಳಿ ಬಿಟ್ಟಿಲ್ಲ.

ಹೆಂಗಸರು ತಿನ್ನುವ ಹೊಡೆತದ ಬಗ್ಗೆ ನಮ್ಮ ಬೀದಿಯವರೇ ಸೇರಿ ಅಧ್ಯಯನ ಮಾಡುತ್ತಿದ್ದೇವಲ್ಲ, ಅದಕ್ಕೊಂದು ನಿಯಮವಿತ್ತು. ಯಾರೂ ತಮ್ಮ ಮನೆಯವರನ್ನು ಪ್ರಶ್ನೆ ಕೇಳುವಂತಿಲ್ಲ. ನೀನಿನ್ನೂ ಇದ್ದಾಗ ನಾನೇ ಮಾಡಿದ ನಿಯಮ. ಹಾಗಾಗಿ ನಮ್ಮದೊಂದು ಬಿಟ್ಟು ಎಲ್ಲರ ಬಾಗಿಲೂ ತಟ್ಟಿದೆ. ಹೋದಲ್ಲೆಲ್ಲ ನಿನ್ನ ಮಾತೇ ಕೇಳಿಸಿತು: "ಪೊಲೀಸರನ್ನ ಕರೆದ್ರೆ, ನಮ್ಮ ಗಂಡಸರ ಕಪ್ಪು ಮೈ ನೋಡಿದ ಮೇಲೆ ಅವರನ್ನ ಜೀವಂತ ವಾಪಸ್ ಕಳಿಸ್ತಾರಾ?"

ಇವತ್ತು ಸಭೆಯಲ್ಲಿ ಪಕ್ಕದ ಮನೆಯ ಟೈಲರಮ್ಮ ಎದ್ದು ನಿಂತರು. "ಊರಿಗೆಲ್ಲಾ ಕೇಳ್ತೀಯ, ನಿಮ್ಮನೇಲಿ ಯಾರು ಕೇಳ್ಬೇಕು? ನಿಮ್ಮಮ್ಮ ರೇಡಿಯೊ ಅಷ್ಟು ಜೋರಾಗಿ ಹಾಕ್ತಿದ್ದಿದ್ದು ಹಾಡಿನ ಹುಚ್ಚಿಗಲ್ಲ ಅಂತ ನಂಗೂ ಗೊತ್ತು," ಎಂದರು.

ನಾನು ಅಲ್ಲೇ ನಿಯಮ ತಿದ್ದಿದೆ: ಪ್ರಶ್ನೆ ಕೇಳುವವರು ಇನ್ನು ಮೊದಲು ತಾವೇ ಉತ್ತರ ಹೇಳಬೇಕು. ಮೊದಲ ಸರದಿ ನನ್ನದು ಎಂದೆ.

ಮಧ್ಯಾಹ್ನ ಟೈಲರಮ್ಮ ನಮ್ಮ ಅಡುಗೆಮನೆಗೆ ಬಂದು, ನೀನು ಕೂರುತ್ತಿದ್ದ ಸ್ಟೂಲಿನ ಮೇಲೆ ನನ್ನನ್ನು ಕೂರಿಸಿದರು. ರೆಕಾರ್ಡರ್ ಒತ್ತಿ, "ಈ ಮನೇಲಿ ಯಾರಾದ್ರೂ ಯಾರ ಮೇಲಾದ್ರೂ ಕೈ ಮಾಡಿದ್ದುಂಟಾ?" ಎಂದರು. ಲಕ್ಷ ಸಲ ನಾನೇ ಬೇರೆಯವರಿಗೆ ಕೇಳಿದ ಪ್ರಶ್ನೆ.

ಅಷ್ಟರಲ್ಲಿ ನಡುಮನೆಯಲ್ಲಿ ಅಪ್ಪ ರೇಡಿಯೊ ಜೋರು ಮಾಡಿದ.

ನಾನು ಎದ್ದು ಹೋಗಿ ಅದನ್ನು ಆರಿಸಿದೆ. ಬಾಗಿಲು ತೆರೆದೇ ಇಟ್ಟು ಬಂದು ಕೂತು, ಅವನಿಗೂ ಕೇಳುವಷ್ಟು ಗಟ್ಟಿಯಾಗಿ, ಮೊದಲಿನಿಂದ ಹೇಳಿದೆ.