ಕಾಪುವಿನ ನಲ್ಲಿಯಲ್ಲಿ ಊರಿನ ರುಚಿ

ಫೆಬ್ರವರಿ 11, 2004. ಸಂಜೆ 4

ಇಂದು ಹನ್ನೊಂದು ಬಾಟಲಿ. ನಲ್ಲಿ ನೀರಿನ ಗಡಸುತನ — ಮಣಿಪಾಲ 26, ಉಡುಪಿ 31, ಕಾರ್ಕಳ 22. ನಮ್ಮ ಕಡೆಯ ನೀರು ಮೆದು. ಮತ್ತೆ ಪಾರ್ಸೆಲ್ಲಿನಲ್ಲಿ ಬಂದವು: ಮೈಸೂರು 140, ಕೋಲಾರ 520, ಗದಗ 710. ಫ್ಲಾಸ್ಕಿನಲ್ಲಿ ದ್ರಾಕ್ಷಾರಸದ ಕೆಂಪು. ಮೇಲಿನ ಗಾಜಿನ ಕೊಳವೆಯಿಂದ ದ್ರಾವಣ ಹನಿ ಹನಿಯಾಗಿ ಬಿಡಬೇಕು, ನೀರು ಗಡಸಾದಷ್ಟೂ ಹನಿ ಹೆಚ್ಚು. ಕೊನೆಯ ಒಂದು ಹನಿಗೆ ಇಡೀ ನೀರು ನೀಲಿ. ಗದಗಿನದ್ದು ನೀಲಿಯಾಗಲು ಎಷ್ಟು ಹೊತ್ತು... ಕಾಯುತ್ತಾ ಆ ಊರಿನ ಬೀದಿಯಲ್ಲಿ ನಡೆದು ಬಂದ ಹಾಗಾಯಿತು. ನೋಡದ ಊರು.

ಲ್ಯಾಬಿನ ಯಜಮಾನರು, ವಲೇರಿಯನ್ ಸರ್, ಹಿಂದಿನಿಂದ: "ಸುಗಂಧಿ, ನಿದ್ದೆ ಬಂತಾ ಎಂತ?"

ಏಪ್ರಿಲ್ 6

ಕಾಪು. ಕಡಲ ಬದಿಯಲ್ಲಿ ಕಂಟ್ರಾಕ್ಟರ್ ಲೀಲಾಧರ ಐದು ಮಾಳಿಗೆ ಏರಿಸುತ್ತಿದ್ದಾರೆ. ಬಾವಿ ನೀರು ಕಾಂಕ್ರೀಟಿಗೆ ಆಗುತ್ತದೋ ಎಂದು ನೋಡಬೇಕಂತೆ. ಬಸ್ಸಿನಲ್ಲಿ ತೊಡೆಯ ಮೇಲೆ ಬಾಟಲಿ, ಕಿಟಕಿಯಲ್ಲಿ ಬಿಸಿಲು. ನೀರೇ ನನ್ನನ್ನು ಹೊತ್ತುಕೊಂಡು ಹೋಗುತ್ತಿದೆ ಅನ್ನಿಸಿತು.

ಗಡಸು 690. ಕ್ಲೋರೈಡ್, ಅಂದರೆ ಉಪ್ಪಿನಂಶ, 1240. ಕಡಲು ಬಾವಿಗೆ ಬಂದಿದೆ. ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ, ಕಾಂಕ್ರೀಟಿಗೆ ಆಗದು — ಬರೆದು ಸಹಿ ಹಾಕಿದೆ.

ಏಪ್ರಿಲ್ 14

ಮತ್ತೆ ಕಾಪು. ಲೀಲಾಧರ ಟ್ಯಾಂಕರ್ ತರಿಸಿದ್ದಾರೆ, ಅದರ ಸ್ಯಾಂಪಲ್. ಕಂಬಗಳಿಗೆ ಒದ್ದೆ ಗೋಣಿ ಸುತ್ತಿ ಸಿಹಿನೀರು ಬಿಡುತ್ತಿದ್ದರು. ಹಿಂದೆ ಕೂಲಿಯವರ ತಗಡಿನ ಶೆಡ್ಡು. ಅಲ್ಲಿ ಬಾವಿಯ ನಲ್ಲಿಗೆ ಕೊಡಪಾನ ಹಿಡಿದ ಹೆಂಗಸು. ಏಳೆಂಟು ತಿಂಗಳ ಬಸುರಿ, ಪಾದಗಳು ಊದಿದ್ದವು. ಹೆಸರು ನಾಗವೇಣಿ. ಗದಗಿನ ಕಡೆಯವಳು.

"ಕುಡಿಯುವುದಕ್ಕೂ ಇದೇ ನೀರಾ?"

"ಹೂಂ ರೀ. ಮೊದಲ ಇಲ್ಲಿ ನೀರು ಸಪ್ಪಗಿತ್ತು, ಎಷ್ಟ್ ಕುಡಿದ್ರೂ ನೀರಡಿಕಿ ಹೋಗ್ತಿರ್ಲಿಲ್ಲ. ಈಗ ಹದಿನೈದು ದಿನ ಆತ್ರೀ, ನಮ್ಮೂರ ರುಚಿ ಬಂದೈತಿ. ಬ್ಯಾಳಿ ಸೈತ ನಮ್ಮೂರಾಗಿನಂಗ ತಡಾ ಆಗಿ ಬೇಯ್ತಾವ."

ನಕ್ಕಳು. ನನಗೂ ಒಂದು ಲೋಟ ಕೊಟ್ಟಳು. ಕುಡಿದೆ. ಕಡಲು ಎಂದು ಹೇಳಲು ಬಾಯಿ ಬರಲಿಲ್ಲ. ಅಷ್ಟು ಸಂತೋಷದಲ್ಲಿದ್ದಳು...

ಏಪ್ರಿಲ್ 15

ಸರ್‌ಗೆ ಹೇಳಿದೆ.

"ರಿಪೋರ್ಟ್ ಕೇಳಿದವರಿಗೆ ಮಾತ್ರ ಮಾರಾಯ್ತಿ. ಅವರು ಕೇಳಿದ್ದು ಕಾಂಕ್ರೀಟಿನ ಬಗ್ಗೆ."

"ಅದನ್ನೇ ಕುಡಿಯುವವರು ಉಂಟಲ್ಲ ಸರ್."

ಕನ್ನಡಕ ಒರೆಸಿದರು. ಮತ್ತೂ ಒರೆಸಿದರು.

ಏಪ್ರಿಲ್ 16

ರಜೆ ಹಾಕಿ ಹೋದೆ. ರಿಪೋರ್ಟನ್ನು ಕನ್ನಡದಲ್ಲಿ ಕೈಯಲ್ಲೇ ಬರೆದುಕೊಂಡಿದ್ದೆ. 'ಈ ನೀರು ಕುಡಿಯಬಾರದು. ಕುದಿಸಿದರೂ ಉಪ್ಪು ಹೋಗುವುದಿಲ್ಲ.' ಕೆಳಗೆ ಹೆಸರು, ಮನೆಯ ಫೋನ್ ನಂಬರ್.

"ಊರ ನೀರಿನಂಥಾದ್ದಲ್ಲೇನ್ರೀ ಇದು?"

"ಅಲ್ಲ. ಇದು ಸಮುದ್ರ."

ತುಂಬಿದ ಕೊಡಪಾನ ನಾಗವೇಣಿಯ ಸೊಂಟದಲ್ಲೇ ಇತ್ತು. ಚೆಲ್ಲಲಿಲ್ಲ, ಇಳಿಸಲೂ ಇಲ್ಲ. ನನ್ನನ್ನು ನೋಡಿದ ನೋಟ — ಏನೋ ಕಸಿದುಕೊಂಡವಳನ್ನು ನೋಡುವ ಹಾಗೆ.

ಅವಳ ಗಂಡ ಮುತ್ತುರಾಜ ಕಾಗದವನ್ನು ಎರಡು ಸಲ ಓದಿದ. ಶೆಡ್ಡಿನ ಒಂಬತ್ತು ಕೂಲಿಯವರೂ ಕೆಲಸ ಬಿಟ್ಟು ಕಂಬದ ಬುಡದಲ್ಲಿ ಕೂತರು. ಹತ್ತು ಗಂಟೆಗೆ ಲೀಲಾಧರ ಬಂದರು. "ನಿಮಗೆ ಇಲ್ಲಿ ಎಂತ ಕೆಲಸ?" ಎಂದು ನನ್ನನ್ನು ಕೇಳಿದರು. ಉತ್ತರ ಕೊಟ್ಟದ್ದು ಮುತ್ತುರಾಜ, ಕೂತಲ್ಲಿಂದಲೇ. "ಕಂಬಕ್ಕ ಬ್ಯಾಡಾದ ನೀರು ನಮಗ್ಯಾಕ್ರೀ?"

ಮಧ್ಯಾಹ್ನದ ಹೊತ್ತಿಗೆ ಟ್ಯಾಂಕರಿನ ಪೈಪು ಶೆಡ್ಡಿನ ಡ್ರಮ್ಮಿಗೆ ಬಂತು.

ಏಪ್ರಿಲ್ 17

"ಸ್ವಲ್ಪ ದಿನ ಬರುವುದು ಬೇಡ." ಸರ್ ಮೇಜು ನೋಡುತ್ತಾ ಹೇಳಿದರು. ಲೀಲಾಧರರ ಫೋನ್ ಬಂದಿತ್ತಂತೆ.

ಮೇ 3. ಮಧ್ಯಾಹ್ನ

ಮುತ್ತುರಾಜನ ಫೋನ್. ನಾಗವೇಣಿಗೆ ತಲೆಸಿಡಿತ, ಕಣ್ಣು ಮಂಜಾಯಿತಂತೆ. ಉಡುಪಿಗೆ ತಂದರು. ಬಿ.ಪಿ. ನೂರ ಎಪ್ಪತ್ತು. ತಿಂಗಳು ತುಂಬುವ ಮೊದಲೇ ಆಪರೇಷನ್ ಮಾಡಿ ಮಗುವನ್ನು ತೆಗೆದರು. ಹೆಣ್ಣು. ಸಾವಿರದ ಎಂಟುನೂರು ಗ್ರಾಂ. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ.

ನೀರಿನಿಂದಲೇ ಎಂದು ಯಾರೂ ಹೇಳಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ. ಏಪ್ರಿಲ್ ಹದಿನಾಲ್ಕರಂದೇ ನಾನು ಹೇಳಬಹುದಿತ್ತು. ಎರಡು ದಿನ...

ಮೇ 5

ಸರ್ ಮನೆಗೇ ಬಂದರು, ಲ್ಯಾಬಿನ ಕೀ ಕೊಟ್ಟು ಹೋದರು. ಚಹಾ ಕುಡಿಯಲಿಲ್ಲ. ಮಗು ಹೇಗುಂಟು ಎಂದು ಮಾತ್ರ ಕೇಳಿದರು. ಅವರಿಗೆ ಯಾರು ಹೇಳಿದರೋ.

ಮೇ 12. ಬೆಳಿಗ್ಗೆ 11

ಆಸ್ಪತ್ರೆಯಿಂದ ಈಗ ಬಂದೆ. ವಾರ್ಡಿನಲ್ಲಿ ಬಿಳಿ ಪರದೆ ಗಾಳಿಗೆ ಉಬ್ಬಿ ಇಳಿಯುತ್ತಿತ್ತು. ಎಲ್ಲರೂ ನಿಧಾನ ಉಸಿರಾಡುವ ಹಾಗೆ. ನಾಗವೇಣಿ ಕೂತಿದ್ದಳು. ಪಾದದ ಊತ ಇಳಿದಿದೆ.

"ನಿಮ್ಮ ಮ್ಯಾಲ ಸಿಟ್ಟು ಬಂದಿತ್ರೀ," ಎಂದಳು. "ಕೂಸು ಹುಟ್ಟೂತನಕ ಇತ್ತು."

"ಈಗ?"

ಪಕ್ಕಕ್ಕೆ ಸರಿದು ಮಂಚದಲ್ಲಿ ಜಾಗ ಮಾಡಿಕೊಟ್ಟಳು.

ಮೊದಲ ದಿನಗಳಲ್ಲಿ ತೂಕ ಇಳಿದಿತ್ತಂತೆ. ಇಂದು ನರ್ಸ್ ಝೀಟಾ ಮಗುವನ್ನು ತಕ್ಕಡಿಯಲ್ಲಿ ಮಲಗಿಸಿದರು. ಕಾಲು ಬಡಿಯಿತು, ಮುಳ್ಳು ಅಲುಗಿತು. "ಸುಗಂಧಿ, ಲ್ಯಾಬಿನವರಂತಲ್ಲ, ನೀವೇ ಓದಿ, ನಿಮಗೆ ಅಭ್ಯಾಸ ಉಂಟಲ್ಲ."

ನಾಗವೇಣಿ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಮುಳ್ಳು ನಿಲ್ಲುವ ತನಕ ಕಾದೆ. ಸಾವಿರದ ಎಂಟುನೂರ ಐವತ್ತು. ಹುಟ್ಟಿದಾಗಿನದಕ್ಕಿಂತ ಐವತ್ತು ಗ್ರಾಂ ಹೆಚ್ಚು ಎಂದು ನಾಗವೇಣಿಗೆ ಕೇಳುವ ಹಾಗೆ ಗಟ್ಟಿಯಾಗಿ ಓದಿದೆ.